ಒಂದು ಗೇಣು ನಾಲ್ಕು ಬೆರಳು

ಗುರುವಾರ ಬೆಳಿಗ್ಗೆ ಇವರು ಲಾರಿಯ ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಗೇಣು ಹಾಕಿದರು. ಟೈರಿನ ತಲೆಯಿಂದ ಮೇಲಿನ ಮಡ್‌ಗಾರ್ಡಿನವರೆಗೆ. ಬಲಗಡೆ ಒಂದು ಗೇಣು ನಾಲ್ಕು ಬೆರಳು. ಎಡಗಡೆ ಬರೀ ಒಂದು ಗೇಣು.

"ನೋಡೇ ಗೌರಿ, ಈ ಕಡೆ ಕುಸಿದೈತೆ."

"ನೆನ್ನೆ ಸಂಜೆ ಸರಿ ಇತ್ತಲ್ರೀ."

"ಓಡ್ತಾ ಇರೋಗಂಟ ಸರಿ ಇರ್ತದೆ. ನಿಂತ್ಮೇಲೆ ಗಾಳಿ ಸೋರೋದು. ನಿನ್ ತರಾನೇ. ಓಡಾಡ್ತಾ ಇದ್ರೆ ಚೆನ್ನಾಗಿರ್ತೀಯ, ಕೂತ್ರೆ ಸೊಂಟ ನೋವು."

ಗಂಡನ ಹೆಸರು ನಾನು ಬಾಯಲ್ಲಿ ಹೇಳಲ್ಲ. ಬರೆದರೆ ತಪ್ಪಿಲ್ಲ. ದಯಾನಂದ. ಊರು ಹೊನ್ನವಳ್ಳಿ. ಹನ್ನೊಂದು ವರ್ಷ ಖಾಸಗಿ ಬಸ್ಸು ಓಡಿಸಿದರು. ಅವರ ಕಂಪನಿಯ ಒಂದು ದೊಡ್ಡ ಬಸ್ಸು ಮರಕ್ಕೆ ಗುದ್ದಿ ಮೈಯೆಲ್ಲ ಹಾಳಾದಾಗ ಅದರ ಚಾಸಿ ತಗೊಂಡರು. ಅದಕ್ಕೆ ಹಿಂದೆ ಕಮಾನು ಪಟ್ಟಿ ಇರಲಿಲ್ಲ. ಆ ಜಾಗದಲ್ಲಿ ಗಡಿಗೆ ದಪ್ಪದ ರಬ್ಬರ್ ಚೀಲ, ಒಳಗೆ ಗಾಳಿ. ಆ ಗಾಳಿ ಮೇಲೇ ಲಾರಿ ಕೂತಿರೋದು. ಮೇಲೆ ಮರದ ಬಾಡಿ ಕಟ್ಟಿಸಿ ತೆಂಗಿನ ಸಸಿ ಸಾಗಿಸೋಕೆ ಶುರು ಮಾಡಿದರು. ಬೇರೆ ಲಾರೀಲಿ ಕುಲುಕಿ ಕುಲುಕಿ ಬೇರಿಂದ ಮಣ್ಣು ಬಿಟ್ಟುಹೋಗ್ತದೆ. ನೆಟ್ಟ ತಿಂಗಳಿಗೆ ಸಸಿ ಒಣಗ್ತದೆ. ಇವರ ಲಾರೀಲಿ ಹೋದದ್ದು ಒಣಗಲ್ಲ ಅಂತ ಹುಳಿಯಾರಿನ ತನಕ ಹೆಸರಾಯ್ತು.

ಊರಲ್ಲಿ ಹಾಸಿಗೆ ಲಾರಿ ಅಂತ ಆಡ್ಕೊಳ್ಳೋರು. "ಲೇ ದಯಾ, ಹೆಂಡ್ರನ್ನೂ ಅದ್ರಲ್ಲೇ ಸಾಗಿಸ್ತೀಯೇನ್ಲಾ?" ಅನ್ನೋರು.

"ಅವ್ಳು ಕುಲುಕಿದ್ರೂ ಒಣಗಲ್ಲ ಕಣ್ಲಾ, ಬುಡು," ಅನ್ನೋರು ಇವರು.

ಆ ಗುರುವಾರ ಮಧ್ಯಾಹ್ನ ಮುನ್ನೂರು ಸಸಿ ಹೇರಿಸಿದರು. ಕೆಂಕೆರೆ ರಂಗಯ್ಯನವರ ತೋಟಕ್ಕೆ. ಅವರು ಗುಣಿ ತೆಗೆಸಿ ಆಳು ಕರೆದಿದ್ದರು. ಶುಕ್ರವಾರ ಒಂಬತ್ತಕ್ಕೆ ಸಸಿ ಅಲ್ಲಿರಬೇಕು.

ಹೇರಿದ ಮೇಲೆ ಎಡಗಡೆ ಇನ್ನೂ ಕುಸಿಯಿತು. ಇಬ್ಬರೂ ಕೆಳಗೆ ತೂರಿದೆವು. ಯಾವಾಗಲೂ ಹಂಗೆ, ಇಬ್ಬರೂ ಹೋಗೋದು. ನನ್ನ ಕೈ ಸಣ್ಣದು, ಸಂದಿಗೆ ಹೋಗ್ತದೆ. ಇವರು ಬ್ಯಾಟರಿ ಬೆಳಕು ಬಿಟ್ಟರು, ನಾನು ಸೋಪಿನ ನೊರೆ ಬಳಿದೆ. ಗಾಳಿ ಚೀಲಕ್ಕೆ ಪೈಪು ಸೇರೋ ಕಡೆ ಗುಳ್ಳೆ ಎದ್ದಿತು.

ಲಾರಿಗೆ ಪೈಪು ಹಾಕಿದ್ದು ತಿಪಟೂರಿನ ಮೆಕ್ಯಾನಿಕ್ಕು ದಸ್ತಗೀರ್ ಸಾಬ್ರು. ಇವರು ಬೂತಿಗೆ ಹೋಗಿ ಫೋನು ಮಾಡಿ ಬಂದರು.

"ಮುಟ್ಟಬ್ಯಾಡ ದಯಣ್ಣ, ನಾಳೆ ನಮಾಜು ಮುಗಿಸಿ ಕಬ್ಬಿಣದ ಸ್ಟ್ಯಾಂಡು ತಗೊಂಡು ಬತ್ತೀನಿ ಅಂದವ್ನೆ," ಅಂದರು.

"ಮತ್ತೆ ಕಾಯಿರಿ."

"ನಮಾಜು ಮುಗಿಯೋದು ಎರಡು ಗಂಟೆ ಕಣೇ. ರಂಗಯ್ಯನ ಆಳುಗಳು ಅಲ್ಲೀಗಂಟ ಗುಣೀಲಿ ಕೂತಿರ್ತಾರಾ?"

ಶುಕ್ರವಾರ ಬೆಳಿಗ್ಗೆ ಲಾರಿ ಎಡಕ್ಕೆ ವಾಲಿತ್ತು. ಸಸಿಗಳೂ ವಾಲಿದ್ದವು. ಇವರು ಎಂಜಿನ್ ಹಾಕಿ ಗಾಳಿ ತುಂಬಿಸಿ ಲಾರಿ ಎತ್ತಿದರು. ಪೈಪು ಬಿಚ್ಚಿ ಟೇಪು ಸುತ್ತಿ ಬಿಗಿ ಮಾಡಿದರೆ ಕೆಂಕೆರೆ ಮುಟ್ಟಬಹುದು ಅಂತ ಲೆಕ್ಕ. ಬಿಚ್ಚಿದಾಗ ಕೂರದ ಹಾಗೆ ಚಾಸಿಗೆ ಏನಾದರೂ ಆಸರೆ ಬೇಕಿತ್ತು.

ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಒಂದು ತೆಂಗಿನ ತುಂಡಿತ್ತು. ಬಿದ್ದ ಮರದ್ದು. ಅದರ ಮೇಲೆ ಕೂತು ನಾನು ಬಟ್ಟೆ ಒಗೀತಿದ್ದೆ.

"ಅದೈತಲ್ರೀ," ಅಂದೆ. ನಾನೇ ಅಂದೆ.

ನಮ್ಮ ಕಡೆ ಕೊಟ್ಟಿಗೆಯ ಕಂಬ ತೆಂಗಿಂದು. ಆ ಮರದ ಮೇಲೆ ಯಾರಿಗೂ ಅನುಮಾನ ಬರಲ್ಲ. ನಿಲ್ಲಿಸಿದರೆ ಚಾಸಿಗಿಂತ ಎತ್ತರ ಆಯ್ತು. ಇವರು ಮಲಗಿಸಿ ಒಳಗೆ ತಳ್ಳಿದರು. ಉರುಳದ ಹಾಗೆ ಎರಡು ಕಡೆ ಕಲ್ಲು ಕೊಟ್ಟರು. ಎಂಜಿನ್ ನಿಲ್ಲಿಸಿದರು.

ನಾನು ಸೆರಗು ಸಿಕ್ಕಿಸಿ ಬಗ್ಗಿದೆ.

"ನೀನು ಬ್ಯಾಡ. ಮೇಲೆ ಸೀಟಲ್ಲಿ ಕೂತ್ಕ. ಅಲ್ಲಿ ಗಾಳಿ ಮೀಟ್ರಿನ ಮುಳ್ಳು ಐತಲ್ಲ, ಅದನ್ನ ನೋಡ್ತಿರು. ಆರಕ್ಕಿಂತ ಕೆಳಗೆ ಬಂದ್ರೆ ಕೂಗು."

"ಬ್ಯಾಟರಿ ಯಾರು ಬಿಡ್ತಾರೆ?"

"ಬಾಯಲ್ಲಿ ಕಚ್ಕತೀನಿ. ನಿಂಗೆ ಉತ್ತರ ಕೊಡೋದೂ ತಪ್ತದೆ."

ಹತ್ತಿ ಕೂತೆ. ಮುಳ್ಳು ಏಳರಲ್ಲಿತ್ತು.

"ಏಳು ಐತೆ," ಅಂದೆ.

"ಊಂ."

ಸ್ಪಾನರ್ ಸದ್ದು ಬಂತು.

"ಏಳೇ ಐತೆ."

"ಊಂ."

ಉಸ್ ಅಂತ ಗಾಳಿ ಹೋಗೋಕೆ ಶುರುವಾಯ್ತು. ನಾನು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಅದು ಅಲ್ಲಾಡಲಿಲ್ಲ. ಗಾಳಿ ಹೋಗ್ತಾನೇ ಇತ್ತು.

"ಏಳರಲ್ಲೇ ಐತೆ ಕಣ್ರೀ."

ಊಂ ಅಂದರೋ ಇಲ್ಲವೋ ಕೇಳಲಿಲ್ಲ. ಬಲಿತ ಸೋರೆಕಾಯಿ ತುಳಿದಂಗೆ ಒಂದು ಸದ್ದಾಯ್ತು. ನಾನು ಕೂತಿದ್ದ ಸೀಟು ಎಡಕ್ಕೆ ವಾಲಿತು. ಹಿಂದೆ ಸಸಿಗಳು ಒಂದರ ಮೇಲೊಂದು ಜಾರಿದವು.

ಮುಳ್ಳು ಏಳರಲ್ಲೇ ಇತ್ತು.

ಕೂಗಿದೆ. ಅಕ್ಕಪಕ್ಕದವರು ಜಾಕು ತಂದು ಎತ್ತಿ ಎಳೆದರು. ಬ್ಯಾಟರಿ ಇನ್ನೂ ಉರೀತಿತ್ತು. ಉಸಿರಿರಲಿಲ್ಲ.

ಹನ್ನೊಂದರ ತಿಥಿ ಆದ ಮೇಲೆ ದಸ್ತಗೀರ್ ಸಾಬ್ರು ಬಂದರು. ಆ ತುಂಡನ್ನ ಕಾಲಲ್ಲಿ ಹೊರಳಿಸಿದರು. ಮೇಲೆ ಕಬ್ಬಿಣದಂಗಿತ್ತು. ಒಳಗೆ ತಿರುಳು ಕೊಳೆತು ನೆನೆದ ನಾರಿನ ಪುಡಿಯಾಗಿತ್ತು.

"ತೆಂಗು ನಿಲ್ಸಿದ್ರೆ ಹೊರ್ತದಕ್ಕ. ಮಲಗ್ಸಿದ್ರೆ ತಡೆಯಲ್ಲ," ಅಂದರು.

"ಮುಳ್ಳು ಏಳರಲ್ಲಿತ್ತು ಸಾಬ್ರೇ. ಕಡೇ ತನಕ ಏಳರಲ್ಲೇ ಇತ್ತು."

ಅವರು ನೆಲ ನೋಡಿದರು. "ಅದು ಬ್ರೇಕ್ ಟ್ಯಾಂಕಿನ ಗಾಳಿದಕ್ಕ. ಚೀಲಕ್ಕೆ ಮುಳ್ಳೇ ಇಲ್ಲ."

"ಇವರಿಗೆ ಗೊತ್ತಿರಲಿಲ್ವಾ?"

"ನಾನು ಪೈಪು ಹಾಕುವಾಗ ದಯಣ್ಣ ಪಕ್ಕದಲ್ಲೇ ಇದ್ದ. ಗೊತ್ತಿತ್ತು."

"ಮತ್ತೆ ನನ್ನ ಯಾಕೆ ಅಲ್ಲಿ ಕೂರಿಸಿದ್ರು?"

"ನೀವು ಕೆಳಗೆ ಬರದಂಗೆ ಅಂತ ಕಾಣ್ತದೆ ಅಕ್ಕ."

ಅದು ನಿಜವೋ, ನನ್ನ ಸಮಾಧಾನಕ್ಕೆ ಅಂದರೋ ಗೊತ್ತಿಲ್ಲ. ಮತ್ತೆ ಕೇಳಲಿಲ್ಲ. ತುಂಡನ್ನ ನೀರೊಲೆಗೆ ಹಾಕಿದೆ. ಮೂರು ದಿನ ಬರೀ ಹೊಗೆ ಬಂತು.

ನನ್ನ ತಮ್ಮ ಬಸವರಾಜು ಲಾರಿ ಮಾರಿಬಿಡು ಅಂದ.

"ಮಾರಿದ್ರೆ ಯಾವನೋ ಅದರ ಕೆಳಗೆ ಹೋಗ್ತಾನೆ. ಅವನಿಗೆ ಇದೆಲ್ಲ ಯಾರು ಹೇಳ್ತಾರೆ?" ಅಂದೆ.

ತಮ್ಮನೂ ಡ್ರೈವರು. ಈಗ ಅವನೇ ಓಡಿಸ್ತಾನೆ. ದಸ್ತಗೀರ್ ಸಾಬ್ರು ಆ ಪೈಪು ಬದಲಾಯಿಸಿದರು. ಚೀಲಗಳಿಗೆ ಬೇರೆ ಮುಳ್ಳೂ ಹಾಕಿಕೊಟ್ಟರು. ಕಬ್ಬಿಣದ ಸ್ಟ್ಯಾಂಡು ಎರಡು ನನ್ನ ಮನೇಲೇ ಬಿಟ್ಟಿದ್ದಾರೆ. ಆ ಮುಳ್ಳು ನಾನು ನೋಡಲ್ಲ.

ದಿನಾ ಬೆಳಿಗ್ಗೆ ಬಸವರಾಜು ಎಂಜಿನ್ ಹಾಕ್ತಾನೆ. ಗಾಳಿ ತುಂಬೋ ತನಕ ನಾನು ಅಂಗಳಕ್ಕೆ ನೀರು ಹಾಕ್ತೀನಿ. ಆಮೇಲೆ ಹಿಂದಿನ ಚಕ್ರದ ಹತ್ತಿರ ಕೂತು ಗೇಣು ಹಾಕ್ತೀನಿ. ಇವರ ಒಂದು ಗೇಣು ನಾಲ್ಕು ಬೆರಳು ನನ್ನ ಕೈಗೆ ಒಂದು ಗೇಣು ಆರು ಬೆರಳು. ಬಲಗಡೆ ನೋಡಿ, ಸುತ್ತಿ ಬಂದು ಎಡಗಡೆ ನೋಡ್ತೀನಿ. ಎರಡೂ ಸಮ ಇದ್ದರೆ ಬಾಡಿಯ ಹಲಗೆಗೆ ಎರಡು ಸಲ ತಟ್ಟುತ್ತೀನಿ. ನಾನು ತಟ್ಟೋ ತನಕ ಬಸವರಾಜು ಗಾಡಿ ತೆಗೆಯಲ್ಲ.