ನಾನು ಅಳೆದ ಗೋರಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪುತ್ತೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಕಲಿತದ್ದು ಪುರಾತತ್ವ. ಓದುವ ದಿನಗಳಲ್ಲಿ ಬಯಲುಸೀಮೆಯ ಒಂದು ಉತ್ಖನನದಲ್ಲಿ ಎರಡು ಬೇಸಗೆ ಕೂತು ಮಣ್ಣು ಜರಡಿ ಹಿಡಿದಿದ್ದೆ. ಆ ಹುಚ್ಚು ಬಿಟ್ಟಿರಲಿಲ್ಲ. ಭಾನುವಾರ ಬಂತೆಂದರೆ ಅಳತೆಯ ಟೇಪು, ನೋಟುಪುಸ್ತಕ, ಬುತ್ತಿ ಹಿಡಿದುಕೊಂಡು ಬೆಳ್ಳಾರೆಗೋ ಕಡಬಕ್ಕೋ ಹೋಗುವ ಬಸ್ಸು ಹತ್ತುತ್ತಿದ್ದೆ. ನಮ್ಮ ಕೆಂಪು ಮುರಕಲ್ಲಿನ ಗುಡ್ಡಗಳಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆ ಜನ ಸತ್ತವರಿಗಾಗಿ ಕಲ್ಲು ಕೊರೆದು ಗುಹೆ ಮಾಡುತ್ತಿದ್ದರು ಎಂದು ಓದಿದ್ದೆ. ಒಂದನ್ನಾದರೂ ಕಾಣಬೇಕೆಂಬ ಆಸೆ. ಸಿಕ್ಕ ಚಾ ಅಂಗಡಿಯಲ್ಲೆಲ್ಲ ವಿಚಾರಿಸುತ್ತಿದ್ದೆ. ನಿಧಿ ಹುಡುಕುವ ಮಾಸ್ಟ್ರು ಎಂದು ಕೆಲವರು ನಗುತ್ತಿದ್ದರು.

ಕೊನೆಗೆ ಸುದ್ದಿ ತಂದದ್ದು ಬೆಳ್ಳಾರೆ ಬಸ್ಸಿನ ಕಂಡಕ್ಟರು. “ಐವರ್ನಾಡಿನಲ್ಲಿ ಕಲ್ಲು ಕಡಿಯುವ ಒಬ್ಬರು ನಿಮ್ಮನ್ನು ಬರ್ಲಿಕ್ಕೆ ಹೇಳಿದ್ದಾರೆ. ಕಲ್ಲಿನ ಒಳಗೆ ಪೊಳ್ಳು ಉಂಟಂತೆ.”

ಕಲ್ಲು ಕಡಿಯುವವರು ಕೇರಳದ ಕಡೆಯವರು. ಐವತ್ತು ದಾಟಿದ ತೆಳ್ಳಗಿನ ಆಳು, ರೆಪ್ಪೆಯ ಮೇಲೂ ಕೆಂಪು ಹುಡಿ. ಸಂತೆಯಲ್ಲಿ ಒಮ್ಮೆ ನನ್ನ ಮಾತು ಕೇಳಿಸಿಕೊಂಡಿದ್ದರಂತೆ. “ಪಿಕ್ಕಾಸು ಬಿದ್ದ ಸ್ವರವೇ ಬೇರೆ ಸಾರ್,” ಎನ್ನುತ್ತ ಗುಡ್ಡದ ಓರೆಯಲ್ಲಿ ಒಂದು ದುಂಡು ಹಾಸುಕಲ್ಲನ್ನು ಸರಿಸಿ ತೋರಿಸಿದರು. ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲದ ತೂತು.

ಟಾರ್ಚು ಜೇಬಿಗಿಟ್ಟು ಹಗ್ಗ ಹಿಡಿದು ಇಳಿದೆ. ಒಳಗೆ ಕವುಚಿಟ್ಟ ಅನ್ನದ ಮಡಕೆಯಂಥ ದುಂಡು ಕೋಣೆ. ಅಡ್ಡಕ್ಕೆ ಏಳು ಅಡಿ. ಕೆಸರು ಒಣಗಿ ಗಟ್ಟಿಯಾದ ನೆಲದಲ್ಲಿ ನಾಲ್ಕು ಗಡಿಗೆಗಳು, ಹೊರಗೆ ಕೆಂಪು, ಒಳಗೆ ಕಪ್ಪು. ಮೂಳೆ ಇರಲಿಲ್ಲ, ನಮ್ಮ ಮಣ್ಣಿನ ಹುಳಿಗೆ ಮೂಳೆ ಉಳಿಯುವುದಿಲ್ಲ. ಗೋಡೆಯ ತುಂಬ ಉಳಿಯ ಗೀರುಗಳು. ಕೊರೆದವನು ಎಡಚನಿರಬೇಕು ಎಂದು ಮೇಲಿನಿಂದ ಬಗ್ಗಿ ನೋಡಿದ ಕಲ್ಲಿನವರು ಹೇಳಿದರು. “ನೋಡಿ, ಏಟು ಎಲ್ಲ ಆ ಕಡೆಯಿಂದ ಬಿದ್ದದ್ದು.” ಅದನ್ನು ನನಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ. ಆ ಕತ್ತಲಲ್ಲಿ ಕೂತು ನಾನು ಸುಮ್ಮನೆ ನಗುತ್ತಿದ್ದೆ.

ಮರುದಿನವೇ ಪುರಾತತ್ವ ಇಲಾಖೆಗೆ ಕಾಗದ ಬರೆದೆ. ಮೂರು ವಾರದ ನಂತರ ಉತ್ತರ ಬಂತು: ಜಾಗದ ಸರ್ವೆ ನಂಬರು ಮತ್ತು ಮಾಲೀಕರ ಸಹಿ ಇರುವ ಒಪ್ಪಿಗೆ ಪತ್ರ ಕಳುಹಿಸತಕ್ಕದ್ದು.

ಜಾಗ ಒಬ್ಬ ವಿಧವೆಯದು. ಮೂರು ತಲೆಮಾರು ಗೇಣಿ ಕೊಟ್ಟು ಉತ್ತ ಕುಟುಂಬ. ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದ ಮೇಲೆ ಡಿಕ್ಲರೇಷನ್ ಹಾಕಿ, ಟ್ರಿಬ್ಯೂನಲ್ಲಿಗೆ ಅಲೆದಲೆದು ಗಂಡ ತೀರಿಹೋಗಿದ್ದರು. ತೀರ್ಪು ಬಂದದ್ದು ಅವರು ಹೋದ ಮೇಲೆ. ಆಕೆ ಇದ್ದದ್ದು ಮುಳಿಹುಲ್ಲಿನ ಮಾಡಿನಡಿ. ಮಣ್ಣಿನ ಗೋಡೆ ಒಂದು ಬದಿ ಕುಸಿದು ಕೂತಿತ್ತು. ಮಳೆ ಹಿಡಿಯುವ ಮೊದಲು ಸ್ವಂತ ಗುಡ್ಡದ ಕಲ್ಲಿನಿಂದ ನಾಲ್ಕು ಗೋಡೆ ಎಬ್ಬಿಸಬೇಕೆಂದು ಕಲ್ಲು ಕಡಿಸುತ್ತಿದ್ದರು.

ನಾನು ವಿಷಯ ಹೇಳಿದೆ. ಗುಹೆಯ ಬಗ್ಗೆ ಆಕೆಗೆ ಭಯವಾಗಲಿ ಭಕ್ತಿಯಾಗಲಿ ಇರಲಿಲ್ಲ. ಆದರೆ ಸರ್ವೆ ನಂಬರು ಎಂದದ್ದೇ ಮುಖ ಬಿಳಚಿಕೊಂಡಿತು.

“ನಂಬ್ರ ಎಂತಕ್ಕೆ ಮಾಸ್ಟ್ರೆ?”

“ಸರಕಾರಕ್ಕೆ ತಿಳಿಸಬೇಕು. ಹಳೆಯ ಕಾಲದ್ದು, ಕಾಪಾಡಬೇಕಾದದ್ದು.”

“ಅವರು ಬಂದು ಬೇಲಿ ಹಾಕುದಿಲ್ವಾ?”

“ಹಾಕಬಹುದು.”

“ಎಷ್ಟು ಜಾಗಕ್ಕೆ?”

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ.

ಆಕೆ ಎದ್ದು ಒಳಗೆ ಹೋಗಿ ಒಂದು ಬಿಸ್ಕುಟಿನ ಡಬ್ಬಿ ತಂದರು. ಪ್ಲಾಸ್ಟಿಕಿನಲ್ಲಿ ಸುತ್ತಿದ ಕಾಗದ ಬಿಡಿಸಿ ನನ್ನ ಕೈಗಿಟ್ಟರು. “ನೀವು ಓದಿದವರು. ಇದರಲ್ಲಿ ನನ್ನ ಹೆಸರು ಉಂಟಾ ನೋಡಿ. ಎಲ್ಲರೂ ಉಂಟು ಅಂತ ಹೇಳ್ತಾರೆ. ನನಗೆ ಓದ್ಲಿಕ್ಕೆ ಬರುದಿಲ್ಲ.”

ಟ್ರಿಬ್ಯೂನಲ್ಲಿನ ಆದೇಶ. ಹೆಸರು ಇತ್ತು. ಅದರ ಕೆಳಗಿನ ಸಾಲಿನಲ್ಲಿ ನನಗೆ ಬೇಕಾದ ಸರ್ವೆ ನಂಬರೂ ಇತ್ತು. ನಾನು ಹೆಸರಿರುವ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ಹೆಸರಿರುವುದು ಎಲ್ಲೆಂದು ಆಕೆ ಬೆರಳಿಟ್ಟು ಕೇಳಿ ತಿಳಿದುಕೊಂಡರು. ಕಾಗದ ಮಡಚಿ ಕೊಟ್ಟೆ.

ಆ ನಂಬರು ನನಗೆ ಇವತ್ತಿಗೂ ಬಾಯಿಪಾಠ. ಬಸ್ಸಿನಲ್ಲಿ ಬರುವಾಗ ಬರೆದುಕೊಳ್ಳಬೇಕೆಂದು ಪೆನ್ನು ತೆಗೆದೆ, ಜೇಬಿಗೆ ಹಾಕಿದೆ, ಮತ್ತೆ ತೆಗೆದೆ. ನಾನು ಬರೆದರೆ ಆಕೆಯ ಜಾಗಕ್ಕೆ ಏನಾಗುತ್ತದೋ ಗೊತ್ತಿಲ್ಲ. ಬರೆಯದಿದ್ದರೆ ಗುಹೆಗೆ ಏನಾಗುತ್ತದೆಂದು ಚೆನ್ನಾಗಿ ಗೊತ್ತು. ಇಲಾಖೆ ಕೇಳಿದ ಕಾಗದ ನಾನು ಕಳುಹಿಸಲಿಲ್ಲ. ಅದು ದಯೆಯೋ ಹೇಡಿತನವೋ ಎಂದು ಈಗ ಕೇಳಿದರೂ ಹೇಳಲಾರೆ.

ಮುಂದಿನ ಭಾನುವಾರ ಹೋಗಿ ಬೇರೆ ಕಡೆ ಕಲ್ಲು ಕಡಿಯಬಹುದೇ ಎಂದು ಕೇಳಿದೆ. ಆಚೆ ಬದಿಯದು ಬರೀ ಜೇಡಿ, ಗೋಡೆಗೆ ನಿಲ್ಲುವುದಿಲ್ಲ ಎಂದರು ಕಲ್ಲಿನವರು. ಆಗ ಆಕೆಯೇ ದಾರಿ ಹೇಳಿದರು. “ಅದೊಂದನ್ನು ಬಿಡುವ. ಸುತ್ತ ಕಡಿಯಿರಿ. ಅವರಿಗೂ ಮನೆ ಅಲ್ವಾ ಅದು, ಸತ್ತವರಿಗೆ?”

ಹಾಗೇ ಆಯಿತು. ಕಲ್ಲಿನವರು ಗುಹೆಯ ಸುತ್ತ ಎರಡು ಅಡಿ ದಪ್ಪ ಬಿಟ್ಟು ಉಳಿದದ್ದನ್ನು ಕಡಿಯತೊಡಗಿದರು. ನಾನು ಗಡಿಗೆಗಳನ್ನು ತೆಗೆದೆ, ಇಂಚಿಂಚು ಅಳೆದು ನಕ್ಷೆ ಬರೆದೆ. ಟೇಪಿನ ಇನ್ನೊಂದು ತುದಿ ಹಿಡಿದದ್ದು ಕಲ್ಲಿನವರೇ. ಎರವಲು ತಂದ ಕ್ಯಾಮೆರಾದಲ್ಲಿ ಒಂದು ರೋಲು ಫೋಟೋ ಹೊಡೆದೆ. ಒಳಗೆ ಬೆಳಕು ಸಾಲದೆ ಎಲ್ಲವೂ ಕಪ್ಪಾಗಿ ಬಂದವು.

ಮೇ ಕೊನೆಗೆ, ಪತ್ತನಾಜೆ ಹಬ್ಬದ ಆಸುಪಾಸಿನಲ್ಲಿ ಒಂದೇ ಸಂಜೆ ಹುಚ್ಚು ಮಳೆ ಹೊಡೆಯಿತು. ಕಂಡಕ್ಟರು ಮತ್ತೆ ಸುದ್ದಿ ತಂದರು. ನಾನು ಹೋಗುವಾಗ ಗುಹೆ ಇರಲಿಲ್ಲ. ಸುತ್ತಲಿನ ಆಧಾರ ಹೋದ ಕಲ್ಲು ನೀರು ಕುಡಿದು ಬಿರಿದಿತ್ತು. ಮೇಲಿನ ಗುಮ್ಮಟ ಹೋಳಾಗಿ ಒಳಕ್ಕೆ ಕೂತಿತ್ತು.

ಕಲ್ಲಿನವರು ಹೊಂಡದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. “ನಂದೇ ತಪ್ಪು ಸಾರ್. ನಾಲ್ಕು ಅಡಿ ಬಿಡಬೇಕಿತ್ತು.” ನಾಲ್ಕು ಅಡಿ ಬಿಟ್ಟಿದ್ದರೆ ಒಂದು ಗೋಡೆಗೆ ಕಲ್ಲು ಕಮ್ಮಿಯಾಗುತ್ತಿತ್ತು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಎಷ್ಟು ಬಿಟ್ಟರೆ ನಿಲ್ಲುತ್ತದೆಂದು ಹೇಳಬೇಕಾದವನು ನಾನು. ನನಗದು ತಿಳಿದಿರಲಿಲ್ಲ.

ಆಕೆ ಸೆರಗು ಹೊದ್ದು ಸ್ವಲ್ಪ ದೂರ ನಿಂತಿದ್ದರು. ಹತ್ತಿರ ಬಂದರು. “ಬಿದ್ದೇ ಹೋಯ್ತಲ್ವಾ ಮಾಸ್ಟ್ರೆ. ಆ ಕಲ್ಲು ಇನ್ನು ತೆಗಿಬಹುದಾ?”

ನನ್ನ ಅಪ್ಪಣೆ ಯಾಕೆ ಬೇಕಿತ್ತೋ. “ತೆಗೀರಿ,” ಎಂದೆ.

ಆ ವರ್ಷ ನನ್ನ ನಕ್ಷೆ, ಅಳತೆ, ಗಡಿಗೆಗಳ ವಿವರ ಸೇರಿಸಿ ಒಂದು ಲೇಖನ ಬರೆದು ಪತ್ರಿಕೆಯೊಂದಕ್ಕೆ ಕಳುಹಿಸಿದೆ. ಸ್ಥಳ ಪರಿಶೀಲನೆ ಆಗದೆ ಪ್ರಕಟಿಸಲಾಗದು ಎಂದು ವಾಪಸು ಬಂತು. ಎಂಬತ್ತರ ದಶಕದ ಮೊದಲಲ್ಲಿ ಇಂಥ ಗೋರಿಗಳ ಪಟ್ಟಿ ಮಾಡುತ್ತಿದ್ದ ವಿದ್ವಾಂಸರೊಬ್ಬರು ಮೈಸೂರಿನ ಕಡೆಯಿಂದ ಬಂದರು. ಒಳ್ಳೆಯ ಮನುಷ್ಯ. ಅವರನ್ನು ಐವರ್ನಾಡಿಗೆ ಕರೆದುಕೊಂಡು ಹೋದೆ. ಹೊಂಡದಲ್ಲಿ ಎದೆಮಟ್ಟ ಕೆಂಪು ನೀರು.

“ಎಲ್ಲಿತ್ತು?” ಎಂದು ಕೇಳಿದರು.

ನಾನು ನೀರಿನ ಮೇಲೆ, ಗಾಳಿಯಲ್ಲಿ ಕೈ ತೋರಿಸಿದೆ. ಇಲ್ಲಿಂದ ಇಲ್ಲಿಗೆ ಏಳು ಅಡಿ ಎಂದೆ. ಅವರು ನನ್ನ ಮುಖ ನೋಡಿದರು, ಪುಸ್ತಕದಲ್ಲಿ ಏನೋ ಬರೆದುಕೊಂಡರು. ವಿಧವೆ ಬೆಲ್ಲದ ಕಾಫಿ ಮಾಡಿಕೊಟ್ಟರು. ಹೊಸ ಮನೆ ಅಚ್ಚುಕಟ್ಟಾಗಿತ್ತು, ಗೋಡೆಗಳಿಗೆ ಸುಣ್ಣ ಹೊಡೆಸಿದ್ದರು. ಕುಡಿದು ಎದ್ದೆವು.

ಪಟ್ಟಿ ಅಚ್ಚಾಗಿ ಬಂದಾಗ ನಾನೇ ಒಂದು ಪ್ರತಿ ತರಿಸಿಕೊಂಡೆ. ಎರಡು ಸಲ ಮೊದಲಿನಿಂದ ಕೊನೆಯವರೆಗೆ ಹುಡುಕಿದೆ. ಐವರ್ನಾಡು ಇರಲಿಲ್ಲ. ಅವರನ್ನು ದೂರುವ ಹಾಗಿಲ್ಲ. ನಾನು ತೋರಿಸಿದ ಗಡಿಗೆಗಳು ಎಲ್ಲಿಯವೂ ಆಗಿರಬಹುದು. ಕಾಣದ್ದನ್ನು ಬರೆಯಬಾರದು ಎಂದು ನಾನೇ ಮಕ್ಕಳಿಗೆ ಕಲಿಸುತ್ತಿದ್ದೆ.

ಆ ಮೇಲೆ ಒಂದು ದಿನ ತರಗತಿಯಲ್ಲಿ ಪ್ರಾಚೀನ ಶವಸಂಸ್ಕಾರದ ಪಾಠ ಬಂತು. ತಡೆಯಲಾರದೆ ಬೋರ್ಡಿನ ಮೇಲೆ ಆ ಗುಹೆಯ ಚಿತ್ರ ಬರೆದೆ, ತೂತು, ಗುಮ್ಮಟ, ನಾಲ್ಕು ಗಡಿಗೆ ಎಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಹತ್ತಿರವೇ ಅಲ್ವಾ, ನಾವು ಹೋಗಿ ನೋಡ್ಬಹುದಾ?” ಎಂದಳು. ಇಲ್ಲ ಎಂದೆ. ಬೋರ್ಡು ಒರೆಸಿ ಮುಂದಿನ ಅಧ್ಯಾಯಕ್ಕೆ ಹೋದೆ.