ಮಿನರಲ್ ಅಂದರೆ ನೀರು

ಬೀಜದ ಪ್ಲಾಟಿನಲ್ಲಿ ಬೆಳಗಿನಿಂದ ಬಗ್ಗಿ ದುಡಿದು ಬಂದವಳಿಗೆ ಮಧ್ಯಾಹ್ನ ಬೇಕಾಗುವುದು ಒಂದು ಚಾಪೆ, ಒಂದು ಗೋಡೆ. ಮೊದಲು ಗೋಡೆ, ಆಮೇಲೆ ಚಾಪೆ. ಬಗ್ಗಿದ ಬೆನ್ನು ಒಮ್ಮೆಲೇ ಮಲಗಲು ಒಪ್ಪುವುದಿಲ್ಲ; ಗೋಡೆಗೆ ಆನಿಸಿ, ಪುಸಲಾಯಿಸಿ ಮಲಗಿಸಬೇಕು. ಆ ವರ್ಷ ನನಗೆ ಗೋಡೆಯೂ ಸಿಕ್ಕಿತು, ಚಾಪೆಯೂ ಸಿಕ್ಕಿತು. ನಿದ್ದೆ ಮಾತ್ರ ಸಿಗಲಿಲ್ಲ. ಪಕ್ಕದ ಮಂಚದ ಮೇಲೆ ನನ್ನ ಮೊಮ್ಮಗಳು ಕೂತಿರುತ್ತಿದ್ದಳು, ಅವಳ ಮುಂದೆ ಕಂಪ್ಯೂಟರ್ ಇರುತ್ತಿತ್ತು, ಅದರೊಳಗೆ ಯುದ್ಧ ನಡೆದಿರುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿದ್ದವು. ಹಾವೇರಿಯ ನನ್ನ ಮನೆಗೆ ಕೀಲಿ ಹಾಕಿ ರಾಣೇಬೆನ್ನೂರಿನ ಮಗಳ ಮನೆಗೆ ಬಂದಿದ್ದೆ. ದಸರೆ ಮುಗಿದ ಮೇಲೆ ಮೊಮ್ಮಗಳಿಗೆ ಜ್ವರ ಬಂತು. ಹೋಗುವಾಗ ಪೂರ್ತಿ ಹೋಗದೆ ಕೀಲುಗಳಲ್ಲಿ ಕೂತುಬಿಟ್ಟಿತು. ಮೊಣಕಾಲು ಬಾತು, ಮುಟ್ಟಿದರೆ ಚೀರುತ್ತಿದ್ದಳು. ಈ ಜ್ವರ ಹೃದಯಕ್ಕೆ ಹತ್ತಬಾರದು, ಹುಡುಗಿ ಓಡಬಾರದು, ಬೇಸಿಗೆ ಕಳೆಯುವ ತನಕ ಮನೆಯಲ್ಲೇ ಇರಲಿ ಎಂದರು ಡಾಕ್ಟರು. ಎಂಟನೇತ್ತೆಯ ಪರೀಕ್ಷೆ ಅವಳಿಲ್ಲದೆ ಮುಗಿದುಹೋಯಿತು. ಗೆಳತಿಯರು ಒಂಬತ್ತಕ್ಕೆ ಹೋಗುವವರು, ಇವಳು ಮತ್ತೆ ಎಂಟರಲ್ಲೇ, ಸಣ್ಣ ಹುಡುಗಿಯರ ನಡುವೆ ಕೂರಬೇಕು. ಒಂದೇ ಮಾತು ಹೇಳಿದಳು, ಸಾಲಿಗೆ ಇನ್ನು ಹೋಗುವುದಿಲ್ಲ ಎಂದು. ಆಮೇಲೆ ಬೇರೆ ಮಾತನ್ನೂ ಬಿಟ್ಟಳು. ಅನ್ನ ಬೇಕೇ ಎಂದರೆ ತಲೆ ಆಡಿಸುತ್ತಿದ್ದಳು, ಅಷ್ಟೇ.

ಮಗಳು ಬಟ್ಟೆ ಹೊಲಿಯುವುದನ್ನು ಕಲಿಸಲು ಹೋಗುತ್ತಿದ್ದಳು. ಅಳಿಯನದು ಕೋರ್ಟಿನ ಹತ್ತಿರ ಟೈಪಿಂಗ್ ಅಂಗಡಿ. ಅಂಗಡಿಯಲ್ಲಿ ಹಳತಾದ ಒಂದು ಕಂಪ್ಯೂಟರನ್ನು ಹುಡುಗಿಯ ಹೊತ್ತು ಹೋಗಲಿ ಎಂದು ಮನೆಗೆ ತಂದಿಟ್ಟಿದ್ದ. ರಿಪೇರಿಯವರು ಅದರಲ್ಲಿ ಒಂದು ಆಟ ಹಾಕಿಕೊಟ್ಟಿದ್ದರು. ಭೂಮಿಯಲ್ಲ, ಬೇರೆ ಯಾವುದೋ ಗ್ರಹ. ಅಲ್ಲಿ ನೆಲ ಅಗೆಯಬೇಕು, ಮನೆ ಕಟ್ಟಬೇಕು, ಸೈನಿಕರನ್ನು ತಯಾರು ಮಾಡಬೇಕು, ವೈರಿಯ ಮನೆ ಕೆಡವಬೇಕು. ಅವಳು ದಿನವಿಡೀ ಅದರೊಳಗೇ ಇದ್ದಳು.

ನಾನು ಬೆಳಿಗ್ಗೆ ಪ್ಲಾಟಿಗೆ ಹೋಗಿ ಬರುತ್ತಿದ್ದೆ. ರಾಣೇಬೆನ್ನೂರಿನ ಸುತ್ತ ಹೊಲದಲ್ಲಿ ತರಕಾರಿ ಬೆಳೆಯುವುದು ಕಾಯಿಗಾಗಿ ಅಲ್ಲ, ಬೀಜಕ್ಕಾಗಿ; ಅಂಥ ಹೊಲಕ್ಕೇ ಪ್ಲಾಟು ಎನ್ನುವುದು. ಒಂದು ತಳಿಯ ಗಂಡು ಹೂವಿನ ಪುಡಿಯನ್ನು ಬೆರಳಿನ ಉಂಗುರದ ಬಟ್ಟಲಿನಲ್ಲಿ ತುಂಬಿಕೊಂಡು, ಇನ್ನೊಂದು ತಳಿಯ ಹೆಣ್ಣು ಹೂವಿನ ತುದಿಗೆ ಮುಟ್ಟಿಸುತ್ತ ಸಾಲು ಹಿಡಿದು ಹೋಗುವುದು. ಕ್ರಾಸಿಂಗ್ ಎನ್ನುತ್ತೇವೆ. ಸಾಲು ಮುಗಿಯುವಷ್ಟರಲ್ಲಿ ಕಣ್ಣಿಗೆ ಎಲ್ಲ ಹೂವೂ ಒಂದೇ ಹೂವಾಗಿ ಕಾಣುತ್ತಿತ್ತು.

ಒಂದು ರಾತ್ರಿ ಊಟಕ್ಕೆ ಕೂತಾಗ ಅಳಿಯ ಹಗುರವಾಗಿಯೇ ಅಂದ, ಆ ಆಟದಲ್ಲಿ ಖರೇ ಅನ್ನುವುದು ಎಳ್ಳಷ್ಟೂ ಇಲ್ಲ, ಎಲ್ಲ ಸುಳ್ಳು ಎಂದು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಅವಳ ಕೈ ತಾಟಿನಲ್ಲೇ ನಿಂತಿತು. ಇದ್ದದ್ದು ಅದೊಂದು, ಅದೂ ಸುಳ್ಳಾಯಿತಲ್ಲ ಎನ್ನುವ ಮುಖ.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಅವಳು ಆ ಕಪ್ಪನ್ನೇ ನೋಡುತ್ತ ಕೂತಿದ್ದಳು. ನಾನು ಗೋಡೆಗೆ ಆನಿಸಿಕೊಂಡಿದ್ದೆ, ಅರ್ಧ ಕಣ್ಣು ಮುಚ್ಚಿತ್ತು. ಆಗ ಎಷ್ಟೋ ದಿನದ ಮೇಲೆ ತಾನಾಗಿ ಬಾಯಿ ಬಿಟ್ಟಳು.

"ಆಯಿ, ಅಪ್ಪ ಅಂದಿದ್ದು ಖರೇನ ಐತಿ. ಗೌಂಡಿ ಇಲ್ಲ, ಕೂಲಿಯವರಿಲ್ಲ, ಒತ್ತಿದ ಕೂಡ್ಲೇ ಬಿಲ್ಡಿಂಗ್ ಹ್ಯಾಂಗ ಏಳ್ತಾವ?"

ಕಣ್ಣು ತೆರೆದೆ. ಯಾತರಿಂದ ಕಟ್ಟುತ್ತಾರೆ ಎಂದು ಕೇಳಿದೆ. ನೀಲಿ ಗಡ್ಡೆಗಳನ್ನು ಅಗೆದು ತರುತ್ತಾರೆ, ಅದಕ್ಕೆ ಮಿನರಲ್ ಅಂತಾರೆ, ಅದು ಇದ್ದಷ್ಟು ಕಟ್ಟಬಹುದು ಎಂದಳು.

ಮಿನರಲ್ ಎನ್ನುವ ಮಾತು ನನಗೆ ಗೊತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿ ಕಿಟಕಿಗೆ ಬಾಟ್ಲಿ ಒಡ್ಡಿ ಮಿನರಲ್, ಮಿನರಲ್ ಎಂದು ಕೂಗುವವರನ್ನು ಯಾರು ಕಂಡಿಲ್ಲ? ಗಡ್ಡೆಯಾಗಿ, ನೀಲಿಯಾಗಿ ಹೊಳೆಯುತ್ತದೆ ಎಂದರೆ ಅಲ್ಲಿ ಥಂಡಿ ಹೆಚ್ಚು, ನೀರು ಕಲ್ಲಾಗಿದೆ. ನನಗೆ ಎಲ್ಲ ಒಮ್ಮೆಲೇ ತಿಳಿಯಾಯಿತು.

"ಏ ಹುಚ್ಚಿ," ಎಂದೆ, "ನೀರು ಹಾಕಿದ್ರ ಏಳ್ತಾವಂದ್ರ ಅವು ಕಟ್ಟಿದ್ದಲ್ಲ. ಬಿತ್ತಿದ್ದು."

ಅವಳು ನನ್ನನ್ನೇ ನೋಡಿದಳು. ತುಟಿಯ ತುದಿ ನಡುಗಿತು. ಆ ಕಡೆ ಗೋಡೆಗೆ ತಿರುಗಿಕೊಂಡಳು, ಭುಜ ಅಲುಗತೊಡಗಿದವು. ಅಳುತ್ತಿದ್ದಾಳೆ ಎಂದು ಗಾಬರಿಯಿಂದ ಎದ್ದು ಹೋದರೆ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಯಾಕೆ ಎಂದು ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಅಷ್ಟು ತಿಂಗಳ ಮೇಲೆ ನಗೆ ಬಂದರೆ ಯಾರಾದರೂ ವಿಳಾಸ ಕೇಳುತ್ತಾರೆಯೇ? ಆ ಹೊತ್ತು ನನ್ನ ಬೆನ್ನುನೋವು ಎಲ್ಲಿ ಹೋಗಿತ್ತೋ ದೇವರಿಗೇ ಗೊತ್ತು.

ನಗು ನಿಂತ ಮೇಲೆ ಅವಳ ಮುಖ ಗಂಭೀರವಾಯಿತು. ಬೀಜದಿಂದ ಗಿಡ ಆಗುತ್ತದೆ, ಗೋಡೆ ಹೇಗಾಗುತ್ತದೆ ಎಂದು ಕೇಳಿದಳು. ನಾನು ಕುಮಾರಪಟ್ಟಣದ ಮಾತು ತೆಗೆದೆ. ಹರಿಹರದ ಕಡೆ ಹೋಗುವಾಗ ಬಸ್ಸಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಳ್ಳುವ ಊರು. ಅಲ್ಲಿನ ಕಾರ್ಖಾನೆಯಲ್ಲಿ ಲಾರಿಗಟ್ಟಲೆ ಕಟ್ಟಿಗೆಯನ್ನು ಅರೆದು, ಕುದಿಸಿ, ನೂಲು ಮಾಡುತ್ತಾರೆ. "ಕಟ್ಟಿಗಿ ಸೀರಿ ಆಗ್ತದಂದ್ರ, ಬೀಜ ಗ್ವಾಡಿ ಯಾಕ ಆಗಬಾರದು?"

ಆಗಬಹುದು ಎಂದಳು. ಕರೆಂಟು ಬಂತು. ಅವಳು ಕಂಪ್ಯೂಟರ್ ಹಚ್ಚಲಿಲ್ಲ.

ಅಂದಿನಿಂದ ನನ್ನ ಮಧ್ಯಾಹ್ನದ ನಿದ್ದೆಗೆ ಪೂರ್ತಿ ಎಳ್ಳುನೀರು. ನಾನು ಚಪ್ಪಲಿ ಬಿಡುವುದೇ ತಡ, ಒಂದು ಪ್ರಶ್ನೆ ತಯಾರು ಇರುತ್ತಿತ್ತು. ಬಂಡಿ ಮಾಡುವ ಕಾರ್ಖಾನೆ ಬೇಕಾದರೆ ಮೊದಲು ಸೈನಿಕರ ಮನೆಯೂ ಇರಬೇಕು, ಲೋಹ ಕರಗಿಸುವ ಮನೆಯೂ ಇರಬೇಕು. ಅವಿಲ್ಲದೆ ಆಟ ಅದನ್ನು ಕಟ್ಟಗೊಡುವುದಿಲ್ಲ, ಯಾಕೆ? ಇದಕ್ಕೆ ನಾನು ಯೋಚಿಸಲೂ ಬೇಕಾಗಲಿಲ್ಲ. ಕ್ರಾಸಿಂಗ್ ಎಂದೆ. ಒಂದು ಗಂಡು ತಳಿ, ಒಂದು ಹೆಣ್ಣು ತಳಿ ಪ್ಲಾಟಿನಲ್ಲಿ ಇದ್ದರೆ ತಾನೆ ಮೂರನೆಯ ಬೀಜ? ಅವಳು ಚಪ್ಪಾಳೆ ತಟ್ಟಿದಳು. ನಾನು ನಾಚಿಕೊಂಡೆ.

ಇನ್ನೊಂದು ದಿನ ಕಪ್ಪು ನೆಲದ ಪ್ರಶ್ನೆ. ಆಟದ ನೆಲವೆಲ್ಲ ಮೊದಲು ಕಪ್ಪಾಗಿರುತ್ತದೆ. ಸೈನಿಕ ನಡೆದಷ್ಟು ಸುತ್ತಲಿನದು ಕಾಣುತ್ತದೆ, ಅವನು ಅಲ್ಲಿಂದ ಸರಿದರೆ ಮತ್ತೆ ಮಬ್ಬು ಕವಿಯುತ್ತದೆ. ಒಮ್ಮೆ ಕಂಡದ್ದು ಮತ್ತೆ ಯಾಕೆ ಮುಚ್ಚಬೇಕು? ಹಿಂದೆ ಸುಗ್ಗಿಯಲ್ಲಿ ನಾನು ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಮುರಿಯಲು ಹೋಗುತ್ತಿದ್ದೆ. ಆ ಗೋದಾಮಿನಲ್ಲಿ ಘಾಟು ಹೇಗಿರುತ್ತಿತ್ತು ಎಂದರೆ ಹೊಸಬರು ಬಾಗಿಲಲ್ಲೇ ಕೆಮ್ಮಿ ಕಣ್ಣು ಮುಚ್ಚುತ್ತಿದ್ದರು. ನಾವು ಕೂತಲ್ಲಿ ನೀರು ಚಿಮುಕಿಸಿ ಧೂಳು ಅಡಗಿಸುತ್ತಿದ್ದೆವು. ಎದ್ದು ಹೋದೆವೋ, ಒಣಗಿ ಮತ್ತೆ ಏಳುತ್ತಿತ್ತು. ಆ ಗ್ರಹದ ಗಾಳಿಯಲ್ಲೂ ಅಂಥದೇ ಘಾಟು ಇರಬೇಕು ಎಂದೆ. ಸೈನಿಕನ ಹತ್ತಿರ ನೀರು ಚಿಮುಕಿಸುವ ಯಂತ್ರ ಇದೆ, ಅವನಿದ್ದಷ್ಟು ಹೊತ್ತು ಮಾತ್ರ ಗಾಳಿ ತಿಳಿ. ನೀರು ಎಂದ ಕೂಡಲೇ ಅವಳಿಗೆ ಮತ್ತೆ ನಗು.

ಆದರೆ ಒಂದು ಪ್ರಶ್ನೆಗೆ ನಾನು ಬಾಯಿಂದ ಉತ್ತರ ಹೇಳಲಿಲ್ಲ. ಸೈನಿಕನ ತಲೆಯ ಮೇಲೆ ಒಂದು ಗೆರೆ ಇರುತ್ತದೆ. ಜೀವ ತುಂಬಿದ್ದಾಗ ಹಸಿರು, ಪೆಟ್ಟು ತಿಂದಂತೆ ಹಳದಿ, ಸಾಯುವ ಹತ್ತಿರ ಕೆಂಪು. ಕೆಂಪಾದರೂ ಅವನ ಬಂದೂಕು ಮೊದಲಿನಷ್ಟೇ ಜೋರಾಗಿ ಹೊಡೆಯುತ್ತದೆ, ಕಾಲು ಮೊದಲಿನಷ್ಟೇ ವೇಗವಾಗಿ ನಡೆಯುತ್ತದೆ. ಇದು ಮಾತ್ರ ಶುದ್ಧ ಸುಳ್ಳು, ಅಲ್ಲವೇ ಎಂದಳು. ನಾನು ಆಗ ತಾನೇ ಪ್ಲಾಟಿನಿಂದ ಬಂದು, ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದು ಕೈಯಲ್ಲಿ ಅವಳಿಗೆ ರೊಟ್ಟಿ ಬಡಿಯುತ್ತಿದ್ದೆ. ತಿರುಗಿ ನೋಡಿದೆ, ಅಷ್ಟೇ. ಅವಳೂ ನನ್ನನ್ನು ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, "ಆಯಿ, ನಿನ್ನ ಗೆರಿ ಕೆಂಪಾಗೇತಿ. ಕುಂದ್ರು." ಕೊನೆಯ ರೊಟ್ಟಿಯನ್ನು ತಾನೇ ಎದ್ದು ಬೇಯಿಸಿದಳು. ಒಂದು ಕಡೆ ಕರಿಕಾಗಿತ್ತು. ಅಂಥ ರುಚಿಯ ರೊಟ್ಟಿ ನಾನು ಮತ್ತೆ ತಿಂದಿಲ್ಲ.

ಬೇಸಿಗೆ ಮುಗಿಯುತ್ತ ಬಂತು, ಮೊಣಕಾಲಿನ ಬಾವು ಇಳಿಯಿತು. ನಡೆದಾಡಬಹುದು, ಸಾಲಿಗೂ ಹೋಗಬಹುದು ಎಂದರು ಡಾಕ್ಟರು. ಮಗಳು ಹೊಸ ಯೂನಿಫಾರಂ ಹೊಲಿದು ಮಂಚದ ಮೇಲಿಟ್ಟಳು. ಹುಡುಗಿ ಅದನ್ನು ಮಡಚಿ ಟ್ರಂಕಿನ ಮೇಲಿಟ್ಟಳು. ಮಗಳು ತೆಗೆದು ಮತ್ತೆ ಮಂಚಕ್ಕೆ, ಅವಳು ಮತ್ತೆ ಟ್ರಂಕಿಗೆ. ಯಾರೂ ಜಗಳ ಮಾಡಲಿಲ್ಲ, ಅದೇ ಹೆಚ್ಚು ಸುಸ್ತು ತರುತ್ತಿತ್ತು. ನನಗೆ ಒಂದೇ ಭಯ. ನಾನು ನಾಲ್ಕನೇತ್ತೆಗೆ ಬಿಟ್ಟವಳು. ಒಂದು ವರ್ಷ ಬಿಡೋಣ ಎಂದೇ ಬಿಡಿಸಿದ್ದರು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ.

ಸಾಲಿ ತೆರೆಯುವ ಹಿಂದಿನ ದಿನ ಅವಳು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ತೆಗೆದಳು. "ಆಯಿ, ಬಿಲ್ಡಿಂಗ್ ಬೀಜದಿಂದ ಬರ್ತಾವ, ಆತು. ಬಾಗಲಾ ಎಲ್ಲಿ ಇಡಬೇಕು, ಕಿಟಕಿ ಎಲ್ಲಿ ಇಡಬೇಕು ಅಂತ ಬೀಜಕ್ಕ ಯಾರು ಹೇಳ್ತಾರ?"

ನಾನು ಗೋಡೆಗೆ ಆನಿಸಿ ಕೂತೆ. ಜನ್ಮವೆಲ್ಲ ಹೂವಿಗೆ ಪುಡಿ ಮುಟ್ಟಿಸಿದ್ದೇನೆ. ಈ ಬೀಜ ದುಂಡು ಕಾಯಿ ಕೊಡಬೇಕು, ಆ ಬೀಜ ಉದ್ದ ಕಾಯಿ ಕೊಡಬೇಕು ಎಂದು ಬೀಜದ ಕಿವಿಯಲ್ಲಿ ಹೇಳುವವರು ಯಾರು? ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಗೊತ್ತಿಲ್ಲವ್ವಾ," ಎಂದೆ. "ನಾಲ್ಕನೇತ್ತದ ಆಚಿ ನಂಗ ಎಲ್ಲಾ ಕಪ್ಪು ಐತಿ. ಸಾಲ್ಯಾಗ ಕೇಳಬೇಕು."

"ಹಂಗಾದ್ರ ನೀನ ಹೋಗಿ ಕೇಳ್ಕೊಂಡು ಬಾ," ಎಂದಳು, ಆ ಕಡೆ ತಿರುಗಿ.

ಚುಚ್ಚಲೆಂದೇ ಅಂದ ಮಾತು. ಆದರೆ ಅದು ನನ್ನೊಳಗೆ ಬೇರೆ ಥರ ಇಳಿಯಿತು. ಯಾಕೆ ಹೋಗಬಾರದು? ನನಗೂ ಉತ್ತರ ಬೇಕಾಗಿತ್ತು. ಮರುದಿನ ಪ್ಲಾಟಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಬೆಳಿಗ್ಗೆ ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ತಲೆ ಬಾಚಿ, ಇಳಕಲ್ ಸೀರೆ ಉಟ್ಟು, ಚಪ್ಪಲಿ ಮೆಟ್ಟಿದೆ. ಎಲ್ಲಿಗೆ ಎಂದು ಕೇಳಿದಳು. ಸಾಲಿಗೆ, ವಿಜ್ಞಾನದ ಮಾಸ್ತರರನ್ನು ಕೇಳಲು ಎಂದೆ. ಏನಂತ ಕೇಳುತ್ತೀ ಎಂದಳು. ಮೊದಲಿನಿಂದ ಹೇಳಬೇಕಲ್ಲ, ಮಿನರಲ್ ಹಾಕಿದರೆ ಮನೆ ಮೊಳೆಯುತ್ತದೆ ಅನ್ನುವಲ್ಲಿಂದ ಸುರು ಮಾಡುತ್ತೇನೆ ಎಂದೆ. ನಾಟಕವಲ್ಲ, ಖರೇ ಹೊರಟಿದ್ದೆ. ಹೊಸ್ತಿಲು ದಾಟಿಯೂ ಆಗಿತ್ತು.

"ಆಯಿ, ತಡಿ ತಡಿ," ಎಂದು ಒಳಗಿನಿಂದ ಕೂಗಿದಳು. "ನೀ ಒಬ್ಬಾಕೀನ ಹ್ವಾದ್ರ ನನ್ನ ಮಾನಾ ಹೋಗ್ತದ. ನಾನೂ ಬರ್ತೇನಿ."

ಟ್ರಂಕಿನ ಮೇಲಿನ ಯೂನಿಫಾರಂ ಹಾಕಿಕೊಂಡು ಬಂದಳು. ಸೊಂಟದಲ್ಲಿ ಸಡಿಲವಾಗಿತ್ತು, ಪಿನ್ನು ಹಚ್ಚಿದೆ. ಎರಡು ಸಲ ನನ್ನ ಬೆರಳಿಗೇ ಚುಚ್ಚಿಕೊಂಡೆ.

ದಾರಿಯಲ್ಲಿ ಇಬ್ಬರೂ ಮೆಲ್ಲಗೆ ನಡೆದೆವು, ಅವಳು ಮೊಣಕಾಲಿಗೆ ಹೆದರಿ, ನಾನು ಸೊಂಟಕ್ಕೆ ಹೆದರಿ. ಸಾಲಿಯ ಗೇಟು ಕಾಣುವಾಗ ನಿಂತು ಹೇಳಿದಳು, ಮಿನರಲ್ ಅಂದರೆ ನೀರಲ್ಲ, ನೆಲದೊಳಗಿನ ಕಲ್ಲು, ಅದಿರು, ಖನಿಜ ಎಂದು. ನಾನು ಅಲ್ಲೇ ನಿಂತುಬಿಟ್ಟೆ. ಮೊದಲ ದಿನದ ನಗು ಈಗ ಅರ್ಥವಾಯಿತು.

"ಅಷ್ಟು ದಿನ ಯಾಕ ಹೇಳಲಿಲ್ಲ?"

"ಹೇಳಿದ್ರ ನಮ್ಮ ಬಿಲ್ಡಿಂಗ್ ಎಲ್ಲಾ ಬೀಳ್ತಿದ್ವು."

ಅಷ್ಟು ಹೇಳಿ ಒಳಗೆ ಹೋದಳು. ಎಂಟನೇತ್ತೆಯ ಸಾಲಿನಲ್ಲಿ ಅವಳ ತಲೆ ಎಲ್ಲರಿಗಿಂತ ಮೇಲೆ ಕಾಣುತ್ತಿತ್ತು. ತಲೆ ತಗ್ಗಿಸಿಯೇ ನಿಂತಿದ್ದಳು. ಆದರೆ ನಿಂತಿದ್ದಳು. ಪ್ರಶ್ನೆಯನ್ನು ಇನ್ನು ಅವಳೇ ಕೇಳಲಿ ಎಂದು ನಾನು ಒಳಗೆ ಹೋಗಲಿಲ್ಲ, ಮನೆಗೂ ತಿರುಗಲಿಲ್ಲ. ಗೇಟಿನ ಹತ್ತಿರದ ಬೇವಿನ ಕಟ್ಟೆಗೆ ಬೆನ್ನು ಕೊಟ್ಟು ಕೂತೆ. ಎಷ್ಟೋ ತಿಂಗಳ ನಿದ್ದೆ ಅಲ್ಲೇ ಬಂದು ಹತ್ತಿತು. ಹೋಗಿ ಬರುವವರು ಯಾರೋ ಮುದುಕಿ ದಾರಿ ತಪ್ಪಿ ಕೂತಿದ್ದಾಳೆ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಅಷ್ಟು ಸುಖದ ನಿದ್ದೆ ನನಗೆ ಬಾಣಂತನದಲ್ಲೂ ಬಂದಿರಲಿಲ್ಲ.

ಭುಜ ಅಲುಗಿಸಿ ಎಬ್ಬಿಸಿದವಳು ಅವಳೇ. ಸಾಲಿ ಬಿಟ್ಟಿತ್ತು. ಮುಖ ಬಾಡಿತ್ತು, ದಣಿದಿದ್ದಳು, ಬೆನ್ನಿಗೆ ಚೀಲ ಇತ್ತು. ಕೇಳಿದೆಯಾ ಎಂದೆ. ಕೇಳಿದೆ ಎಂದಳು. ಬೀಜಕ್ಕೆ ಯಾರು ಹೇಳುತ್ತಾರಂತೆ ಎಂದೆ.

"ಆ ಪಾಠ ಹತ್ತನೇತ್ತದಾಗ ಐತಂತ, ಆಯಿ."

"ಹಂಗಾದ್ರ?"

"ಹಂಗಾದ್ರ ಏನು, ಎರಡು ವರ್ಷ ತಡಿ. ಕಲ್ತು ಹೇಳ್ತೇನಿ."

ತಡೆಯುತ್ತೇನೆ ಎಂದೆ. ಎದ್ದು ನಿಲ್ಲಲು ಅವಳ ಕೈ ಹಿಡಿದೆ. ಗೆರೆ ಕೆಂಪಾಗಿದೆ, ಇನ್ನಷ್ಟು ಹೊತ್ತು ಕೂರು ಎಂದಳು. ಕೂರಲಿಲ್ಲ. ಅವಳ ಚೀಲವನ್ನು ನನ್ನ ಹೆಗಲಿಗೆ ಹಾಕಿಕೊಂಡು ನಡೆದೆ.