ಒಂದೇ ಸ್ಪೀಡಲ್ಲಿ ಹೋಗ್ಬೇಕು ಸಾರ್

ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುತ್ತೆ ಅಂತ ನನ್ನ ತಲೆಗೆ ಕಟ್ಟಿದ ಪುಟ್ಟ ಎಸ್‌ಯುವಿ ಹತ್ತು ದಾಟುತ್ತಿರಲಿಲ್ಲ. ರಾಮನಗರದ ಸರ್ವಿಸ್ ಸೆಂಟರಿನಲ್ಲಿ ಜಗಳಕ್ಕೇ ನಿಂತೆ. ಟೈ ಕಟ್ಟಿದ್ದ ಇಂಜಿನಿಯರ್ ನಕ್ಕ. "ಗಾಡಿ ಸರಿಯಾಗೇ ಇದೆ ಸಾರ್. ನಿಮಗೆ ಓಡಿಸೋದು ಗೊತ್ತಿಲ್ಲ. ಟಾಪ್ ಗೇರಲ್ಲಿ, ಒಂದೇ ಸ್ಪೀಡಲ್ಲಿ ಹೋಗ್ಬೇಕು."

ಮೈಯೆಲ್ಲ ಉರಿದುಹೋಯಿತು. "ಹತ್ತಿ, ನೀವೇ ಓಡಿಸಿ" ಎಂದು ಕೀ ಕೊಟ್ಟೆ. ಹಾರೋಹಳ್ಳಿಯ ಫ್ಯಾಕ್ಟರಿಯಿಂದ ನಾನು ದಿನಾ ಮನೆಗೆ ಮರಳುವ ಕೂಟಗಲ್ ದಾರಿಯಲ್ಲೇ ಕರೆದೊಯ್ದೆ.

ರಾಮನಗರ ದಾಟಿದ್ದೇ ತಡ, ಟಾರು ರಸ್ತೆಯ ತುಂಬ ತೆನೆ ಸಮೇತ ರಾಗಿ ಹುಲ್ಲು ಹರಡಿತ್ತು. ಸುಗ್ಗಿಯಲ್ಲಿ ನಮ್ಮ ಕಡೆ ಒಕ್ಕಣೆ ನಡೆಯುವುದೇ ಹೋಗಿಬರುವ ಗಾಡಿಗಳ ಚಕ್ರದಡಿ. ಆತ ಫಸ್ಟ್ ಗೇರಿಗೆ ಇಳಿದ. ಇಂಜಿನ್ ನರಳತೊಡಗಿತು. ಹುಲ್ಲು ಮುಗಿಯುವಷ್ಟರಲ್ಲಿ ಮೊರ ಹಿಡಿದ ಅಜ್ಜಿಯೊಬ್ಬಳು ಅಡ್ಡ ನಿಂತಳು.

"ಕಾರಾದ್ರೆ ಅಡೀಗೆ ಹುಲ್ಲು ಸಿಗಾಕ್ಕೊಂಡು ನಿಂತೋಯ್ತದೆ ಕಣಪ್ಪ. ನಿಂದು ಎತ್ರುಕ್ಕೈತೆ, ಭಾರ್ವಾಗೂ ಐತೆ. ಒಸಿ ಹಿಂದುಕ್ ತಗಂಡು ಇನ್ನೊಂದ್ ಸತಿ ಬಾ."

ಇಂಜಿನಿಯರ್ ರಿವರ್ಸ್ ಹಾಕಿದ.

ಇಷ್ಟಾದಮೇಲೂ ಆತ ವಾಪಸ್ ಬಂದು ನನ್ನ ದೂರಿನ ಫಾರಂನಲ್ಲಿ ಬರೆದದ್ದು "ಚಾಲಕನ ತಪ್ಪು" ಎಂದೇ. ಫಾರಂ ಕಿತ್ತುಕೊಂಡೆ. "ವಾಹನದ ಬಳಕೆ" ಎಂಬಲ್ಲಿ "ಸ್ವಂತಕ್ಕೆ" ಎಂದಿತ್ತು. ಅದನ್ನು ಹೊಡೆದುಹಾಕಿ, "ಒಕ್ಕಣೆಗೆ" ಎಂದು ಬರೆದು ಸಹಿ ಹಾಕಿದೆ.